‘ಅಯ್ಯೋ, ಆ ಹೆಸರು ಬೇಡ!’: ಹೆಸರುಗಳ ಇಷ್ಟಾನಿಷ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಇಪ್ಪತ್ನಾಲ್ಕು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಬೆಳಿಗ್ಗೆ ಹಾಜರಿ ಪುಸ್ತಕ ತೆಗೆದು ಐವತ್ತು ಅರವತ್ತು ಹೆಸರು ಕೂಗುವುದರಿಂದಲೇ ನನ್ನ ದಿನ ಶುರುವಾಗುತ್ತಿತ್ತು. ಅದಕ್ಕೇ ಇರಬೇಕು, ಬಳಗದಲ್ಲಿ ಯಾರಿಗೆ ಮಗು ಹುಟ್ಟಿದರೂ ‘ಒಂದು ಒಳ್ಳೆ ಹೆಸರು ಹೇಳಿ’ ಎಂದು ನನಗೆ ಫೋನ್ ಬರುತ್ತದೆ. ಹೇಳುತ್ತೇನೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, ‘ಚೆನ್ನಾಗೇನೋ ಇದೆ, ಆದ್ರೆ ನಮ್ಮ ಆಫೀಸಲ್ಲಿ ಆ ಹೆಸರಿನವನೊಬ್ಬ ಇದ್ದ...’ ಆ ‘ಒಬ್ಬ’ನ ಕಾಟದ ಬಗ್ಗೆ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ.

ಒಂದು ಹೆಸರು ಕೇಳಿದ ಕೂಡಲೇ ಬೇಡ ಅನ್ನಿಸುತ್ತೆ. ಕಾರಣ ಮಾತ್ರ ಗೊತ್ತಾಗಲ್ಲ. ಯಾಕೆ ಹೀಗೆ?

ಕಣ್ಣು ಮುಚ್ಚಿ ಆ ಹೆಸರನ್ನು ಎರಡು ಸಲ ಜೋರಾಗಿ ಹೇಳಿ. ಯಾರದೋ ಒಂದು ಮುಖ ಬರುತ್ತದೆ. ಹೆಚ್ಚಿನವರಿಗೆ ಅದು ಹದಿನೈದು ವರ್ಷದೊಳಗೆ ಕಂಡ ಮುಖ: ಬೆಂಚಿನ ಪಕ್ಕದವಳು, ಕಿರಾಣಿ ಅಂಗಡಿಯವನು, ಬಾಡಿಗೆ ಮನೆಯ ಯಜಮಾನ.

ನನ್ನದೇ ಹೇಳುತ್ತೇನೆ. ಏಳನೇ ಕ್ಲಾಸಿನಲ್ಲಿ ಗಣಿತದ ಟ್ಯೂಷನ್‌ಗೆ ಹೋಗುತ್ತಿದ್ದೆ. ಹೇಳಿಕೊಡುತ್ತಿದ್ದವರ ಹೆಸರು ಬೇಡ. ಬೆರಳ ತುದಿಯಲ್ಲಿ ನಶ್ಯ, ಅದರ ಮೇಲೆ ಸೀಮೆಸುಣ್ಣ. ಭಿನ್ನರಾಶಿ ತಪ್ಪಾದರೆ ಅದೇ ಬೆರಳಲ್ಲಿ ಬಲಗಿವಿ ಹಿಂಡುತ್ತಿದ್ದರು. ಮನೆಗೆ ಬಂದ ಮೇಲೂ ಕಿವಿಯ ಹತ್ತಿರ ನಶ್ಯದ ವಾಸನೆ. ಮುಂದೆ ನಾನೇ ಟೀಚರ್ ಆದೆ. ಅದೇ ಹೆಸರಿನ ಹುಡುಗ ನನ್ನ ಕ್ಲಾಸಿಗೆ ಬಂದರೆ ಮೊದಲ ವಾರ ಅವನ ಹೆಸರು ಕೂಗುವಾಗ ಬಲಗಿವಿ ಬಿಸಿಯಾಗುತ್ತಿತ್ತು. ಆ ಮಗು ಏನು ಮಾಡಿತ್ತು, ಪಾಪ?

ಒಂದೇ ಹೆಸರು ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ಕಷಾಯ. ಹೇಗೆ?

‘ಸಿರಿ’ಯನ್ನೇ ತೆಗೆದುಕೊಳ್ಳಿ. ಸಂಸ್ಕೃತದ ‘ಶ್ರೀ’ ಕನ್ನಡದ ಬಾಯಲ್ಲಿ ಪಳಗಿ ಆದ ಎರಡಕ್ಷರ. ಸಂಪತ್ತು, ಸೊಗಸು ಎಂಬ ಅರ್ಥ. ಬಯಲುಸೀಮೆಯವರಿಗೆ ಆ ಹೆಸರು ಕೇಳಿದರೆ ರಾಜ್ಯೋತ್ಸವದ ‘ಸಿರಿಗನ್ನಡಂ ಗೆಲ್ಗೆ’ ನೆನಪಾಗುತ್ತದೆ.

ಘಟ್ಟ ಇಳಿದು ತುಳುನಾಡಿಗೆ ಹೋದರೆ ಅದೇ ಹೆಸರಿನ ತೂಕ ಬೇರೆ. ಅಲ್ಲಿ ಸಿರಿ ಒಬ್ಬ ಹೆಣ್ಣು. ಅನ್ಯಾಯ ಮಾಡಿದ ಗಂಡನನ್ನು ಬಿಟ್ಟು ಎದ್ದು ನಡೆದವಳು, ಪಾಡ್ದನ ಎಂಬ ತುಳು ಜನಪದ ಹಾಡುಗಥೆಯ ನಾಯಕಿ. ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಮತ್ತು ಅವರ ಜೊತೆಗಾರರು ದಾಖಲಿಸಿ 1998ರಲ್ಲಿ ಅಚ್ಚು ಹಾಕಿಸಿದರು. ಒಟ್ಟು 15,683 ಸಾಲು. ಕವತ್ತಾರಿನ ಸಿರಿ ಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಸಿರಿ ಬರುವುದನ್ನು ನೋಡಿದ ಅಜ್ಜಿಗೆ ಮೊಮ್ಮಗಳನ್ನು ‘ಏ ಸಿರಿ, ಚಪ್ಪಲಿ ತಗೊಂಡು ಬಾ’ ಅನ್ನಲು ನಾಲಿಗೆ ಏಳುವುದಿಲ್ಲ.

2011ರಲ್ಲಿ ಆಪಲ್‌ನವರು ಐಫೋನ್ 4ಎಸ್‌ನಲ್ಲಿ ಮಾತಾಡುವ ಸಹಾಯಕಿಯನ್ನು ತಂದು ಅದಕ್ಕೂ ಸಿರಿ ಎಂದೇ ಹೆಸರಿಟ್ಟರು. ಈಗ ಮಗುವನ್ನು ಕೂಗಿದರೆ ಮೇಜಿನ ಮೇಲಿನ ಫೋನು ಎಚ್ಚರವಾಗುತ್ತದೆ. ಅದೇ ಎರಡಕ್ಷರ. ಒಬ್ಬರಿಗೆ ನಾಡು, ಒಬ್ಬರಿಗೆ ದೈವ, ಇನ್ನೊಬ್ಬರಿಗೆ ಅಲಾರಾಂ ಇಡುವ ಯಂತ್ರ. ಯಾರನ್ನೂ ತಪ್ಪು ಅನ್ನೋಕಾಗಲ್ಲ.

ಟೀಚರ್‌ಗಳಿಗೆ ಮಕ್ಕಳ ಹೆಸರು ಆರಿಸೋದು ಕಷ್ಟ ಅಂತಾರೆ. ನಿಜಾನಾ?

ನಿಜ. ನನ್ನ ಮಗಳು ಹುಟ್ಟಿದಾಗ ಮೂರು ವಾರ ‘ಪಾಪು’ ಆಗಿಯೇ ಇದ್ದಳು. ಗಂಡ ಹೇಳಿದ ಒಂದೊಂದು ಹೆಸರಿಗೂ ಒಂದೊಂದು ಯೂನಿಫಾರಂ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ಇವಳು ಕಾಪಿ ಹೊಡೆದವಳು. ಇವಳು ಟಿಫಿನ್ ಬಾಕ್ಸ್ ಕದ್ದವಳು. ಇವಳು ಒಳ್ಳೆಯವಳೇ, ಆದರೆ ಒಂಬತ್ತನೇ ಕ್ಲಾಸಿಗೇ ಮದುವೆ ಮಾಡಿಬಿಟ್ಟರು, ಆ ಹೆಸರು ಕೂಗಿದರೆ ಸಂಕಟ. ಕೊನೆಗೆ ಗಂಡ ನನ್ನ ಹಳೆಯ ಹಾಜರಿ ಪುಸ್ತಕಗಳನ್ನೇ ತರಿಸಿಕೊಂಡು, ಅದರಲ್ಲಿ ಇಲ್ಲದ ಹೆಸರು ಹುಡುಕಿದರು.

ನಮ್ಮ ಹಳೇ ಹೆಸರುಗಳು ಈಗಿನವರಿಗೆ ಯಾಕೆ ಹಿಡಿಸಲ್ಲ? ಗುಂಡಪ್ಪ, ತಿಪ್ಪೇಸ್ವಾಮಿ, ಸಾಕಮ್ಮ...

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೊಂದು ಹೆಸರಿನ ಗತಿ ಒಂದೊಂದು ಥರ ಆಗಿದೆ.

ಗುಂಡಪ್ಪನನ್ನು ಹಾಳು ಮಾಡಿದ್ದು ಹಾಸ್ಯ. ಪೇಪರಿನ ನಗೆಹನಿಯಲ್ಲಿ ಮೇಷ್ಟ್ರ ಹತ್ತಿರ ಬೈಸಿಕೊಳ್ಳುವ ಹುಡುಗ ಯಾವಾಗಲೂ ಗುಂಡ. ಅದೇ ಹೆಸರಿನ ಡಿ.ವಿ. ಗುಂಡಪ್ಪನವರು ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಪ್ರತಿಮೆಯಾಗಿ ಕೂತಿದ್ದಾರೆ. ಆದರೆ ಅವರನ್ನು ನಾವು ‘ಡಿವಿಜಿ’ ಅಂದುಬಿಟ್ಟೆವು. ಹಾಗಾಗಿ ಅವರ ಗೌರವದಲ್ಲಿ ಗುಂಡಪ್ಪ ಎಂಬ ಹೆಸರಿಗೆ ಪಾಲು ಸಿಗಲಿಲ್ಲ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರ ಹೆಸರಿನಲ್ಲೂ ಗುಂಡಪ್ಪ ಇದ್ದಾರೆ. ಹೊರದೇಶದ ಕಾಮೆಂಟೇಟರುಗಳು ‘ಗುಂಡಪ್ಪ ವಿಶ್ವನಾಥ್’ ಎಂದು ಬಾಯ್ತುಂಬ ಹೇಳುತ್ತಿದ್ದರು. ನಮಗೆ ನಗು ಬರುವ ಹೆಸರು ಕೇಳಿದರೆ ಅವರಿಗೆ ಸ್ಕ್ವೇರ್ ಕಟ್ ನೆನಪಾಗುತ್ತಿತ್ತು.

ತಿಪ್ಪೇಸ್ವಾಮಿಯದು ಬೇರೆ. ಪೇಟೆಯವರಿಗೆ ‘ತಿಪ್ಪೆ’ ಮಾತ್ರ ಕೇಳುತ್ತದೆ. ಚಿತ್ರದುರ್ಗದ ಕಡೆಯವರಿಗೆ ಕೇಳಿಸುವುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು. ಇನ್ನೊಂದು ಕಾರಣವೂ ಇತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಕಲ್ಲಪ್ಪ, ಹುಚ್ಚಪ್ಪ ಕೂಡ ಎಷ್ಟೋ ಮನೆಯಲ್ಲಿ ಹೀಗೇ ಬಂದವು. ಇಷ್ಟು ಕೆಟ್ಟ ಹೆಸರಿನ ಮಗುವನ್ನು ಯಮನೂ ಮುಟ್ಟಲ್ಲ ಎಂಬ ಲೆಕ್ಕ. ನಾವು ನಗುವ ಹೆಸರಿನ ಹಿಂದೆ ಎರಡು ಮೂರು ಕೂಸು ಮಣ್ಣು ಮಾಡಿದ ತಾಯಿ ಇರಬಹುದು. ಇದು ಗೊತ್ತಾದ ಮೇಲೆ ನಾನು ಹಾಜರಿ ಕೂಗುವಾಗ ‘ಹುಚ್ಚಪ್ಪ’ ಎಂದರೆ ಕಿಸಕ್ ಎನ್ನುವವರನ್ನು ನಿಲ್ಲಿಸಿ ಈ ಕಥೆ ಹೇಳುತ್ತಿದ್ದೆ.

ಸಾಕಮ್ಮ ಎಂದರೆ ‘ಹೆಣ್ಣು ಸಾಕಮ್ಮ’ ಎಂದೇ ಬಹಳ ಜನ ತಿಳಿದಿದ್ದಾರೆ. ಕೆಲವು ಮನೆಗಳಲ್ಲಿ ಹಾಗೆ ಇಟ್ಟದ್ದೂ ಹೌದು. ಆದರೆ ಕನ್ನಡದಲ್ಲಿ ‘ಸಾಕು’ ಅಂದರೆ ಸಲಹು ಎಂದೂ ಆಗುತ್ತದಲ್ಲ! ಬೆಂಗಳೂರಿನಲ್ಲಿ ಕಾಫಿ ಪುಡಿ ಉದ್ಯಮ ಕಟ್ಟಿದ ಸಾಕಮ್ಮನವರ ಹೆಸರಲ್ಲಿ ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಎಂಬ ಬಡಾವಣೆಯೇ ಇದೆ. ಅಲ್ಲಿ ಸೈಟು ಸಿಕ್ಕರೆ ಯಾರೂ ‘ಹೆಸರು ಚೆನ್ನಾಗಿಲ್ಲ’ ಅನ್ನುವುದಿಲ್ಲ.

ಹೆಸರು ಕೇಳಿ ಊರು, ಜಾತಿ ಲೆಕ್ಕ ಹಾಕುವುದೂ ಇದರಲ್ಲೇ ಬರುತ್ತಾ?

ಬರುತ್ತದೆ, ಅದೂ ಜೋರಾಗಿಯೇ. ಶರಣಬಸಪ್ಪ ಅಂದರೆ ಕಲಬುರಗಿ, ಯಲ್ಲವ್ವ ಅಂದರೆ ಸವದತ್ತಿ ಗುಡ್ಡ, ನಂಜುಂಡ ಅಂದರೆ ನಂಜನಗೂಡು, ಮಾದೇಶ ಅಂದರೆ ಮಲೆ ಮಹದೇಶ್ವರ ಬೆಟ್ಟ, ಪೊನ್ನಪ್ಪ ಅಂದರೆ ಕೊಡಗು. ಇಲ್ಲಿವರೆಗೆ ಖುಷಿಯೇ. ಬಸ್ಸಲ್ಲಿ ಪಕ್ಕದವನ ಹೆಸರು ಕೇಳಿ ‘ನಮ್ ಕಡೆಯವರು’ ಅನ್ನಿಸುವ ಸುಖ ಕಡಿಮೆಯದಲ್ಲ.

ಆದರೆ ‘ಆ ಹೆಸರು ಸ್ವಲ್ಪ ಹಳ್ಳಿ ಥರ ಇದೆ’ ಎಂಬ ಮಾತಿನೊಳಗೆ ಹಳ್ಳಿ ಮಾತ್ರ ಇರುವುದಿಲ್ಲ. ಕರಿಯ, ಮಾರ, ಕೆಂಚ ಎಂದು ಮೊಟಕಾಗಿ ಕರೆಸಿಕೊಂಡವರಿಗೆ ಕೊನೆಗೊಂದು ‘ಅಪ್ಪ’, ‘ಅಯ್ಯ’ ಹಚ್ಚಲು ಊರಿನ ದೊಡ್ಡವರು ಬಿಡದ ಕಾಲವಿತ್ತು. ಅಂಥ ಹೆಸರು ಬೇಡ ಎಂದು ಆ ಮನೆಯವರೇ ಹೇಳಿದರೆ ಅದು ಅವರ ಹಕ್ಕು. ಉಳಿದವರು ‘ಸೌಂಡ್ ಚೆನ್ನಾಗಿಲ್ಲ’ ಎಂದು ಮೂಗು ಮುರಿದರೆ, ಅವರಿಗೆ ಹಿಡಿಸದಿರುವುದು ಸೌಂಡೇನಾ ಎಂದು ಒಮ್ಮೆ ಕೇಳಿಕೊಳ್ಳಲಿ.

ಪುರಾಣದ ಕೆಟ್ಟ ಪಾತ್ರಗಳ ಹೆಸರು ಯಾರೂ ಇಡಲ್ಲ ಅಲ್ವಾ?

ಇಡುತ್ತಾರೆ! ಬೆಳಗಾವಿ ಜಿಲ್ಲೆಯ ರಾಯಬಾಗದಿಂದ ಆರಿಸಿ ಬಂದ ಶಾಸಕರ ಹೆಸರು ದುರ್ಯೋಧನ ಐಹೊಳೆ. ಬಯಲಾಟ ನೋಡಿ ಬೆಳೆದ ಊರುಗಳಲ್ಲಿ ದುರ್ಯೋಧನ ಅಂದರೆ ಗದೆ ಹಿಡಿದು ರಂಗ ನಡುಗಿಸುವ ಛಲದ ರಾಜ. ಟಿವಿಯಲ್ಲಿ ನೋಡಿದವರಿಗೆ ಮಾತ್ರ ಅವನು ಸೀರೆ ಎಳೆಸಿದವನು. ಕರ್ಣ ಎಲ್ಲರಿಗೂ ಬೇಕು. ಕೈಕೇಯಿ ಮಾತ್ರ ನನ್ನ ಹಾಜರಿಯಲ್ಲಿ ಒಮ್ಮೆಯೂ ಬರಲಿಲ್ಲ.

ದ್ರೌಪದಿ, ಸೀತೆ ಎಂದರೆ ‘ಕಷ್ಟ ಪಟ್ಟವರ ಹೆಸರು’ ಎಂದು ಹಿಂದೇಟು ಹಾಕುವವರಿದ್ದಾರೆ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಮನೆಯ ಸಂತಾಲಿ ಹೆಸರು ಪುತಿ. ದ್ರೌಪದಿ ಎಂಬುದು ಶಾಲೆಯ ಶಿಕ್ಷಕರು ಇಟ್ಟದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ಕಸುಬಿನವರಿಗೆ ಈ ಕೆಟ್ಟ ಚಾಳಿ ಹಿಂದಿನಿಂದಲೂ ಇದೆ. ತಮಗೆ ಹಿಡಿಸದ ಹೆಸರನ್ನು ದಾಖಲಾತಿ ದಿನವೇ ತಿದ್ದಿಬಿಡುವುದು.

ಸಿನಿಮಾ, ಕ್ರಿಕೆಟ್ ತಾರೆಯರ ಹೆಸರು ಇಡಬಹುದಾ?

ಇಡಿ. ಅವರಲ್ಲೇ ಎಷ್ಟೋ ಜನ ಹೆಸರು ಬದಲಿಸಿಕೊಂಡವರು ಎಂಬುದು ಮಾತ್ರ ನೆನಪಿರಲಿ. ಗಾಜನೂರಿನ ಮುತ್ತುರಾಜನಿಗೆ ಆ ಹೆಸರು ಬಂದದ್ದು ಮುತ್ತತ್ತಿರಾಯನಿಂದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ರಾಜ್‌ಕುಮಾರ್ ಮಾಡಿದರು. ಪುನೀತ್ ಮೊದಲು ಲೋಹಿತ್ ಆಗಿದ್ದರು. ವಿಷ್ಣುವರ್ಧನ್ ಸಂಪತ್ ಕುಮಾರ್ ಆಗಿದ್ದರು. ‘ಅಪ್ಪು’ ಎಷ್ಟೋ ಮನೆಗಳಲ್ಲಿ ಸುಮ್ನೆ ಒಂದು ಮುದ್ದಿನ ಹೆಸರಾಗಿತ್ತು. 2021ರ ಅಕ್ಟೋಬರ್ 29ರ ನಂತರ ಆ ಹೆಸರು ಕೂಗಿದಾಗ ಗಂಟಲು ಸ್ವಲ್ಪ ಹಿಡಿಯುತ್ತದೆ.

ಕ್ರಿಕೆಟ್ಟಿನದು ನನಗೆ ಬಹಳ ಇಷ್ಟದ ಕಥೆ. ಸುನಿಲ್ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಕನ್ಹಾಯ್, ಜೈಸಿಂಹ, ನಮ್ಮ ವಿಶ್ವನಾಥ್, ಮೂವರು ಆಟಗಾರರೂ ಅದರಲ್ಲಿದ್ದಾರೆ. ಕೆ.ಎಲ್. ರಾಹುಲ್ ಅವರ ತಂದೆ ಗಾವಸ್ಕರ್ ಅಭಿಮಾನಿ. ಗಾವಸ್ಕರ್ ಮಗನ ಹೆಸರನ್ನೇ ಇಡಬೇಕು ಅಂದುಕೊಂಡರು, ಆದರೆ ಅದು ರಾಹುಲ್ ಎಂದು ತಪ್ಪಾಗಿ ನೆನಪಿಟ್ಟುಕೊಂಡಿದ್ದರು. ಈ ಕಥೆಯನ್ನು ರಾಹುಲ್ ಅವರೇ ಹೇಳಿದ್ದಾರೆ. ತಪ್ಪಾಗಿ ಬಂದ ಆ ಹೆಸರನ್ನೇ ಈಗ ಅವರ ಅಭಿಮಾನಿಗಳು ಮಕ್ಕಳಿಗೆ ಇಡಬಹುದು, ಸರಿಯಾಗಿ ನೆನಪಿಟ್ಟುಕೊಂಡೇ!

ಜಾಹೀರಾತು, ಸುದ್ದಿಯಿಂದ ಹೆಸರು ಕೆಡುತ್ತಾ?

ನಿರ್ಮಲಾ ಎಂಬ ಹೆಸರಿನ ನನ್ನ ವಾರಗೆಯವರನ್ನು ಕೇಳಿ. ಶಾಲೆಯುದ್ದಕ್ಕೂ ‘ವಾಷಿಂಗ್ ಪೌಡರ್’. ಹೇಮಾ, ರೇಖಾ, ಜಯಾ, ಸುಷ್ಮಾ ಅವರಿಗೂ ಅದೇ ಜಾಹೀರಾತಿನ ಕಾಟ. ವಿಚಿತ್ರ ಅಂದರೆ ಆ ಬ್ರ್ಯಾಂಡಿನ ಹೆಸರೇ ಪ್ರೀತಿಯಿಂದ ಹುಟ್ಟಿದ್ದು. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ತಮ್ಮ ಮಗಳು ನಿರುಪಮಾಳ ಹೆಸರಿನಿಂದ ನಿರ್ಮಾ ಮಾಡಿಕೊಂಡರು.

2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ. 108 ದಿನ ರಾಜ್ಯಕ್ಕೇ ನಿದ್ದೆಯಿಲ್ಲ. ನನ್ನ ಕ್ಲಾಸಿನಲ್ಲಿ ವೀರಪ್ಪ ಎಂಬ ಮೆತ್ತನೆಯ ಹುಡುಗನಿದ್ದ. ಕಡ್ಡಿ ಮುರಿಯಲೂ ಬಾರದವನು. ಬೆಂಚಿನ ಮೇಲೆ ಯಾರೋ ಕೈವಾರದಲ್ಲಿ ದೊಡ್ಡ ಮೀಸೆ ಕೆತ್ತಿದ್ದರು. ಒಂದು ದಿನ ಅವನು ‘ಮಿಸ್, ಹಾಜರೀಲಿ ಇನಿಷಿಯಲ್ ಮಾತ್ರ ಕೂಗಿ’ ಎಂದ. ನವೆಂಬರ್‌ವರೆಗೆ ಹಾಗೇ ಕೂಗಿದೆ.

ಅತ್ತೆಯ ಹೆಸರನ್ನೇ ಮಗಳಿಗೆ ಇಡಬೇಕಂತೆ. ನನಗೆ ಇಷ್ಟವಿಲ್ಲ. ಏನು ಮಾಡಲಿ?

ಈ ಪ್ರಶ್ನೆಯನ್ನು ಯಾರೂ ಸ್ಪೀಕರ್ ಆನ್ ಮಾಡಿ ಕೇಳುವುದಿಲ್ಲ. ಹಳಬರು ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದರು. ದೊಡ್ಡವರ ಹೆಸರು ಹೇಳಿ ಮಗುವನ್ನು ಗದರಿಸುವಂತಿಲ್ಲ. ಹಾಗಾಗಿ ತೊಟ್ಟಿಲಲ್ಲಿ ಅಜ್ಜಿಯ ಹೆಸರು, ಅಡುಗೆಮನೆಯಲ್ಲಿ ‘ಅಮ್ಮಯ್ಯ’, ‘ಚಿನ್ನಮ್ಮ’, ‘ಪುಟ್ಟಿ’. ಗಂಡನ ಹೆಸರೂ ಬಾಯಲ್ಲಿ ಬರಬಾರದು ಎಂದಿದ್ದ ಕಾಲ ಅದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ಸೇರಿಸಿ ಹೇಳಿ ನಾಚಿಕೊಳ್ಳುತ್ತಿದ್ದರು.

ನೀವೂ ಅದನ್ನೇ ಮಾಡಬಹುದು. ತೊಟ್ಟಿಲ ಶಾಸ್ತ್ರದಲ್ಲಿ ಕಿವಿಯಲ್ಲಿ ಉಸುರುವ ಹೆಸರು ಒಂದು, ದಾಖಲೆಗೆ ಇನ್ನೊಂದು. ಜಗಳಕ್ಕಿಂತ ಇದು ಅಗ್ಗ.

ಹೆಸರಿನ ಸದ್ದಿಗೇ ಇಷ್ಟ ಬರುವುದಿಲ್ಲವಾ? ಎಲ್ಲಕ್ಕೂ ಮುಖವೇ ಬೇಕಾ?

ಸದ್ದಿಗೂ ಪಾಲಿದೆ. ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಯೋಸೆಫ್ ನಟಿನ್ ಒಮ್ಮೆ ಹೆದ್ದಾರಿಯಲ್ಲಿ ಹೋಗುವಾಗ, ತಮ್ಮ ಹೆಸರಿನ ಅಕ್ಷರವಿರುವ ನಂಬರ್ ಪ್ಲೇಟುಗಳೇ ತಮಗೆ ಹೆಚ್ಚು ಹಿಡಿಸುತ್ತವೆ ಎಂದು ಗಮನಿಸಿದರು. ಪ್ರಯೋಗ ಮಾಡಿ 1985ರಲ್ಲಿ ಬರೆದರು: ಜನಕ್ಕೆ ತಮ್ಮ ಹೆಸರಿನ ಅಕ್ಷರಗಳ ಮೇಲೆ ಸ್ವಲ್ಪ ಜಾಸ್ತಿ ಮೋಹ. ಅಣ್ಣ ಸುರೇಶ, ತಮ್ಮ ರಮೇಶ, ಮಗ ಗಣೇಶ ಎಂದು ಸಾಲು ಹಿಡಿಯುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಮ್ಮಲ್ಲಿ ಅಕ್ಷರವನ್ನು ನಕ್ಷತ್ರವೇ ಕೊಡುತ್ತದೆ. ಅಶ್ವಿನಿಗೆ ಚು, ಚೆ, ಚೋ, ಲಾ. ರೋಹಿಣಿಗೆ ಓ, ವಾ, ವೀ, ವೂ. ಆರಿದ್ರೆಯಲ್ಲಿ ಹುಟ್ಟಿದವರ ಪಾಲಿಗೆ ಕು, ಘ, ಙ, ಛ. ಙ ಇಂದ ಶುರುವಾಗುವ ಹೆಸರು ಗೊತ್ತಿದ್ದರೆ ನನಗೂ ಹೇಳಿ.

ನನ್ನ ಪರೀಕ್ಷೆ ಸುಲಭ. ಮನೆಯ ಹಿತ್ತಲಿನಿಂದ ಬೀದಿಗೆ ಕೇಳುವಂತೆ ಕೂಗಿ ನೋಡಿ. ಕನ್ನಡದ ಬಾಯಿ ಅರ್ಧಕ್ಕೆ ನಿಂತ ಹೆಸರನ್ನು ಬಿಡುವುದಿಲ್ಲ, ಒಂದು ‘ಉ’ ಅಂಟಿಸುತ್ತದೆ. ಅದ್ವಿಕ್ ಸಂಜೆಯೊಳಗೆ ‘ಅದ್ವಿಕ್ಕು’ ಆಗುತ್ತಾನೆ. ಹಳೇ ಮೈಸೂರಿನಲ್ಲಿ ಹರ್ಷ ‘ಅರ್ಸ’ ಆಗುತ್ತಾನೆ. ಹಾಗೆ ಕೂಗಿದ್ದು ಕೇಳಲು ನಿಮಗೆ ಸಂಕೋಚವಾದರೆ ಬೇರೆ ಹೆಸರು ನೋಡಿ, ಬೀದಿಯವರನ್ನು ತಿದ್ದೋಕಾಗಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿಯ ಕಿವಿಗೂ ಹೊಂದಬೇಕಾ?

ಅರ್ಥ ಹೊಂದದಿದ್ದರೂ ಪರವಾಗಿಲ್ಲ. ಕೊನೆಯ ಅಕ್ಷರ ನೋಡಿಕೊಳ್ಳಿ. ರಕ್ಷಿತ್, ಹರ್ಷಿತ್, ದೀಕ್ಷಿತ್ ಇಲ್ಲಿ ಚಂದದ ಹೆಸರುಗಳು. ಇಂಗ್ಲಿಷಿನಲ್ಲಿ ಬರೆದು ಕೊನೆಯ ನಾಲ್ಕಕ್ಷರ ಓದಿ, ಶಾಲೆಯ ಮಕ್ಕಳು ಏನನ್ನುತ್ತಾರೆ ಗೊತ್ತಾಗುತ್ತದೆ. ಸರ್‌ನೇಮ್ ಜಾಗಕ್ಕೂ ಏನಾದರೂ ಬರೆಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಮಿಸ್ಟರ್ ಎಫ್‌ಎನ್‌ಯು ಆಗಿ ಬದುಕಿದವರಿದ್ದಾರೆ.

ಗಂಡನ ಹಳೇ ಗೆಳತಿಯ ಹೆಸರು ನನಗೆ ತುಂಬಾ ಇಷ್ಟ. ಇಡಬಹುದಾ?

ಬೇಡ. ಬೇರೆ ಹೆಸರು ಬೇಕಾದಷ್ಟಿವೆ.

ತೀರಾ ವಿಚಿತ್ರ ಹೆಸರಿಟ್ಟರೆ ಯಾರ ನೆನಪೂ ಬರಲ್ಲ ಅಲ್ವಾ?

ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಜನರಲ್ಲಿ ಹೈಕೋರ್ಟ್, ಕಾಫಿ, ಮೈಸೂರ್ ಪಾಕ್, ಗೂಗಲ್ ಎಂಬ ಹೆಸರಿನವರಿದ್ದಾರೆ. ಪತ್ರಿಕೆಗಳು ಇದನ್ನು ತಮಾಷೆಯಾಗಿ ಬರೆಯುತ್ತವೆ. ನನಗೆ ಅದರಲ್ಲಿ ಒಂದು ಧೈರ್ಯ ಕಾಣುತ್ತದೆ. ಕಾಡು ಬಿಟ್ಟು ಬಂದವರು ಹೊಸದಾಗಿ ಕಂಡದ್ದನ್ನು, ಹಿಡಿಸಿದ್ದನ್ನು ಮಗುವಿಗೆ ಕೊಟ್ಟರು. ಚಂದ್ರಯಾನ-3 ಇಳಿದ 2023ರಲ್ಲಿ ಯಾದಗಿರಿ ಜಿಲ್ಲೆಯ ಒಂದು ಕುಟುಂಬ ಎರಡು ಕೂಸುಗಳಿಗೆ ವಿಕ್ರಮ್, ಪ್ರಗ್ಯಾನ್ ಎಂದು ಹೆಸರಿಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎರಡೂ ಒಂದೇ ಕೆಲಸ.

ನನಗೆ ನನ್ನ ಹೆಸರೇ ಇಷ್ಟವಿಲ್ಲ. ಬದಲಿಸಲೇ?

ಮೊದಲು ಯಾರ ಬಾಯಲ್ಲಿ ಅದು ಇಷ್ಟವಿಲ್ಲ ಎಂದು ನೋಡಿ. ಒಬ್ಬರು ಗೇಲಿ ಮಾಡಿ ಕರೆದದ್ದೇ ಕಿವಿಯಲ್ಲಿ ಉಳಿದಿರಬಹುದು. ಅಷ್ಟಾದ ಮೇಲೂ ಬೇಡವಾದರೆ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಗೆಜೆಟ್ ಎಂದು ದಾರಿಯಿದೆ. ಸಂಖ್ಯಾಶಾಸ್ತ್ರಕ್ಕಾಗಿ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸುವುದು ನನಗೆ ಅರ್ಥವಾಗಿಲ್ಲ. ಯಡಿಯೂರಪ್ಪನವರು 2007ರಲ್ಲಿ ಒಂದು ಥರ ಬರೆದರು, 2019ರಲ್ಲಿ ಮತ್ತೆ ಹಳೆಯದಕ್ಕೆ ಬಂದರು. ಕನ್ನಡದಲ್ಲಿ ಅವರು ಎರಡೂ ಸಲ ಯಡಿಯೂರಪ್ಪನೇ.

ಇಷ್ಟವಿಲ್ಲದ ಹೆಸರು ಮುಂದೆ ಇಷ್ಟವಾಗುತ್ತಾ?

ಆಗುತ್ತದೆ. ಒಂದನ್ನು ಮತ್ತೆ ಮತ್ತೆ ಕಂಡರೆ, ಕೇಳಿದರೆ ಸಾಕು, ಒಲವು ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯಾನ್ಸ್ 1968ರಲ್ಲೇ ತೋರಿಸಿದ್ದರು. ನನ್ನ ಬಲಗಿವಿಯ ಹೆಸರಿಗೂ ಹಾಗೇ ಆಯಿತು. ಆ ಹೆಸರಿನ ಮೂರನೇ ಹುಡುಗ, ಹತ್ತನೇ ಕ್ಲಾಸು ಮುಗಿಸಿದ ದಿನ ಹೊಲದಿಂದ ಕಿತ್ತ ಹಸಿ ಕಡಲೆಕಾಯಿ ಟವೆಲಿನಲ್ಲಿ ಕಟ್ಟಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಈಗ ಆ ಹೆಸರು ಕೇಳಿದರೆ ಮೊದಲು ಮಣ್ಣಿನ ವಾಸನೆ, ನಶ್ಯ ಆಮೇಲೆ.

ಆರಿಸಿದ ಹೆಸರನ್ನು ನೆಂಟರಿಗೆ ಯಾವಾಗ ಹೇಳಬೇಕು?

ಇಟ್ಟ ಮೇಲೆ. ಅವಸರವಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಹೆಸರನ್ನು ಆಮೇಲೂ ಸೇರಿಸಬಹುದು. 12 ತಿಂಗಳವರೆಗೆ ಅದಕ್ಕೆ ಶುಲ್ಕವಿಲ್ಲ. ಅಷ್ಟರೊಳಗೆ ಬಾಯಿ ಬಿಟ್ಟಿರೋ, ಪ್ರತಿಯೊಬ್ಬರೂ ತಮ್ಮ ತಮ್ಮ ‘ಒಬ್ಬ’ನನ್ನು ನಿಮ್ಮ ತೊಟ್ಟಿಲಿಗೆ ತಂದು ಹಾಕುತ್ತಾರೆ.

ನನ್ನ ನಾದಿನಿ ಕೊನೆವರೆಗೂ ಗುಟ್ಟು ಬಿಡಲಿಲ್ಲ. ಹನ್ನೆರಡನೇ ದಿನ ತೊಟ್ಟಿಲು ತೂಗಿ ಹೆಸರು ಹೇಳಿದರು. ಮೂಲೆಯಲ್ಲಿ ಕೂತಿದ್ದ ದೊಡ್ಡತ್ತೆ ‘ಅಯ್ಯೋ, ಅದಾ? ನಮ್ಮ ಬೀದೀಲಿ ಆ ಹೆಸರಿನವನೊಬ್ಬ...’ ಎಂದು ಶುರು ಮಾಡಿದರು. ಅಷ್ಟರಲ್ಲಿ ಯಾರೋ ಮಗುವನ್ನು ಅವರ ಮಡಿಲಿಗೆ ಹಾಕಿದರು. ಅದು ಅವರ ತೋರುಬೆರಳು ಹಿಡಿದುಕೊಂಡು ಆಕಳಿಸಿತು. ದೊಡ್ಡತ್ತೆ ಮಾತು ಅಲ್ಲಿಗೇ ನಿಲ್ಲಿಸಿ, ಮಗುವಿನ ಹಣೆಯ ಮೇಲಿನ ಕೂದಲು ಸರಿಸಿ, ‘ಹೂಂ, ಇವನಿಗೆ ಒಪ್ಪುತ್ತೆ ಬಿಡು’ ಎಂದರು.